ಎಂಡ್ಯೂರೆನ್ಸ್ ಹಡಗು ಸಿಕ್ಕಿದ ಕಥೆ: ಪದೇ ಪದೇ ಕೇಳೋ ಪ್ರಶ್ನೆಗಳು

ಈ ಹಡಗಿನ ವಿಷಯ ಎತ್ತಿದಾಗೆಲ್ಲ ಸುತ್ತಿ ಬಳಸಿ ಅದೇ ಪ್ರಶ್ನೆಗಳು ಬರ್ತವೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಟೈಪ್ ಮಾಡಿ ಸಾಕಾಯ್ತು, ಅದಕ್ಕೆ ಎಲ್ಲ ಒಂದೇ ಕಡೆ ಹಾಕಿದೀನಿ. ಕೆಲವು ಉತ್ತರ ಉದ್ದ ಇದೆ, ಅದ್ರಲ್ಲೂ ಕ್ಯಾಪ್ಟನ್ ವೋರ್ಸ್ಲಿ ಬಗ್ಗೆ ಬರೆದಿರೋದು. ಅವನ ಮೇಲೆ ನನಗೆ ಸ್ವಲ್ಪ ಜಾಸ್ತಿನೇ ಅಭಿಮಾನ, ಮೊದಲೇ ಹೇಳಿಬಿಡ್ತೀನಿ.

ಯಾವ ಹಡಗು ಇದು? ಟೈಟಾನಿಕ್ ಥರದ್ದಾ?

ಅಲ್ಲ ಅಲ್ಲ. ಟೈಟಾನಿಕ್ ಉಕ್ಕಿನ ದೊಡ್ಡ ಪ್ಯಾಸೆಂಜರ್ ಹಡಗು, ಇದು ಮರದ್ದು, ಮೂರು ಪಟಸ್ತಂಭ, ಜೊತೆಗೆ ಒಂದು ಸ್ಟೀಮ್ ಎಂಜಿನ್, ಉದ್ದ ಬರೀ 44 ಮೀಟರ್. ನಾರ್ವೆಯ ಸ್ಯಾಂಡೆಫ್ಯೋರ್ಡ್‌ನಲ್ಲಿ ಕಟ್ಟಿ 1912ರ ಡಿಸೆಂಬರ್‌ನಲ್ಲಿ ನೀರಿಗೆ ಇಳಿಸಿದ್ರು, ಆಗ ಹೆಸರು ಪೋಲಾರಿಸ್. ಶ್ರೀಮಂತರನ್ನ ಆರ್ಕ್ಟಿಕ್ ಕಡೆ ಟೂರ್ ಕರ್ಕೊಂಡು ಹೋಗೋಕೆ ಅಂತ ಮಾಡಿದ್ದು, ಆ ವ್ಯಾಪಾರ ಕೈಗೂಡಲಿಲ್ಲ, ಬ್ರಿಟನ್ನಿನ ಧ್ರುವಯಾತ್ರಿ ಅರ್ನೆಸ್ಟ್ ಶ್ಯಾಕಲ್ಟನ್ ಕೊಂಡ್ಕೊಂಡು ತನ್ನ ಮನೆತನದ ಧ್ಯೇಯವಾಕ್ಯದಿಂದ ಎಂಡ್ಯೂರೆನ್ಸ್ ಅಂತ ಹೆಸರಿಟ್ಟ, ಅಂದ್ರೆ ಸಹನೆ, ತಾಳ್ಮೆ. ಅಂಟಾರ್ಕ್ಟಿಕಾ ಖಂಡವನ್ನ ಈ ಕಡೆಯಿಂದ ಆ ಕಡೆಗೆ ಮೊದಲ ಸಲ ನೆಲದ ಮೇಲೆ ದಾಟಬೇಕು ಅನ್ನೋದು ಅವನ ಪ್ಲಾನ್. ದಾಟೋದಿರಲಿ, ದಡ ಕೂಡ ಮುಟ್ಟಲಿಲ್ಲ.

ಮುಳುಗಿದ್ದು ಹೇಗೆ? ಮಂಜುಗಡ್ಡೆಗೆ ಡಿಕ್ಕಿನಾ?

ಡಿಕ್ಕಿ ಹೊಡೀಲಿಲ್ಲ. 1914ರ ಡಿಸೆಂಬರ್ 5ಕ್ಕೆ ಸೌತ್ ಜಾರ್ಜಿಯಾ ದ್ವೀಪ ಬಿಟ್ರು, ಜನವರಿ ಮೂರನೇ ವಾರದಲ್ಲಿ ಅಂಟಾರ್ಕ್ಟಿಕಾ ಪಕ್ಕದ ವೆಡೆಲ್ ಸಮುದ್ರದಲ್ಲಿ ಸುತ್ತ ಹಿಮ ಕಟ್ಕೊಂಡು ಹಡಗು ಅಲ್ಲಾಡೋಕೆ ಆಗ್ಲಿಲ್ಲ. ಅಲ್ಲಿಂದ ಒಂಬತ್ತು ತಿಂಗಳು ಹಿಮದ ಜೊತೆನೇ ತೇಲಿದ್ದು. ಹಿಮದ ಹಾಳೆಗಳು ಗಾಳಿಗೆ, ಪ್ರವಾಹಕ್ಕೆ ಒಂದನ್ನೊಂದು ತಳ್ತವೆ, ನಡುವೆ ಸಿಕ್ಕ ಹಡಗು ಅಡಕತ್ತರೀಲಿ ಸಿಕ್ಕ ಅಡಿಕೆ ಥರ. 1915ರ ಅಕ್ಟೋಬರ್ 27ಕ್ಕೆ ಎಲ್ಲರೂ ಇಳಿದು ಹಿಮದ ಮೇಲೆ ಟೆಂಟ್ ಹಾಕಿದ್ರು. ಹಡಗು ಆಗ್ಲೇ ಒಡೆದಿತ್ತು, ಆದ್ರೆ ಅದನ್ನ ಹಿಸುಕಿದ ಹಿಮಾನೇ ಮುಳುಗದ ಹಾಗೆ ಹಿಡ್ಕೊಂಡಿತ್ತು. ನವೆಂಬರ್ 21ರ ಸಂಜೆ ಹಿಮ ಸ್ವಲ್ಪ ಸಡಿಲ ಆಯ್ತು, ಹೋಯ್ತು ಹಡಗು.

ಎಷ್ಟು ಜನ ಸತ್ರು?

ಈ ಹಡಗಿನ 28 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಹಿಮ ಕರಗೋವರೆಗೂ ಅದ್ರ ಮೇಲೇ ಬದುಕಿ, 1916ರ ಏಪ್ರಿಲ್‌ನಲ್ಲಿ ಮೂರು ಸಣ್ಣ ದೋಣೀಲಿ ಎಲಿಫೆಂಟ್ ದ್ವೀಪ ಸೇರಿದ್ರು, ಅಲ್ಲಿಂದ ಶ್ಯಾಕಲ್ಟನ್, ವೋರ್ಸ್ಲಿ ಸೇರಿ ಆರು ಜನ ಜೇಮ್ಸ್ ಕೇರ್ಡ್ ಅನ್ನೋ ದೋಣೀಲಿ ಸುಮಾರು 800 ನಾಟಿಕಲ್ ಮೈಲಿ ದಾಟಿ ಸೌತ್ ಜಾರ್ಜಿಯಾ ಮುಟ್ಟಿದ್ರು, ಮುಟ್ಟಿದ್ದು ದ್ವೀಪದ ತಪ್ಪು ಕಡೆ, ಅದಕ್ಕೆ ಮೂರು ಜನ ಹಿಮದ ಬೆಟ್ಟ ಹತ್ತಿಳಿದು ಆ ಕಡೆ ಇದ್ದ ತಿಮಿಂಗಿಲ ಬೇಟೆಗಾರರ ಸ್ಟೇಷನ್ನಿಗೆ ನಡ್ಕೊಂಡು ಹೋದ್ರು. ಎಲಿಫೆಂಟ್ ದ್ವೀಪದಲ್ಲಿ ಉಳಿದವರನ್ನ ಚಿಲಿಯ ಯೆಲ್ಚೋ ಅನ್ನೋ ಸಣ್ಣ ಹಡಗು ಆಗಸ್ಟ್ 30ಕ್ಕೆ ಕರ್ಕೊಂಡು ಬಂತು.

ಒಂದು ಮಾತು ಮಾತ್ರ ಎಲ್ಲರೂ ಬಿಟ್ಟು ಹೇಳ್ತಾರೆ. ಖಂಡದ ಆ ಕಡೆ, ರಾಸ್ ಸಮುದ್ರದ ಕಡೆಯಿಂದ, ಶ್ಯಾಕಲ್ಟನ್ ಬರೋ ದಾರೀಲಿ ಊಟದ ಸಾಮಾನು ಇಟ್ಟು ಬರೋಕೆ ಅಂತ ಇನ್ನೊಂದು ತಂಡ ಹೋಗಿತ್ತು. ಅವರಲ್ಲಿ ಮೂರು ಜನ ಸತ್ರು. ಅವನು ಬರಲೇ ಇಲ್ಲ, ಇವರು ಮಾತ್ರ ಸಾಮಾನು ಇಟ್ಟು ಬಂದಿದ್ರು. 'ಒಬ್ಬರೂ ಸಾಯಲಿಲ್ಲ' ಅಂತ ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಹೇಳೋವಾಗ ಇವರ ನೆನಪು ಯಾರಿಗೂ ಬರಲ್ಲ.

ಹಡಗು ಎಲ್ಲಿ, ಯಾವಾಗ ಸಿಕ್ತು?

2022ರ ಮಾರ್ಚ್ 5, ವೆಡೆಲ್ ಸಮುದ್ರದ ತಳದಲ್ಲಿ, 3,008 ಮೀಟರ್ ಆಳದಲ್ಲಿ. ಜಗತ್ತಿಗೆ ಹೇಳಿದ್ದು ಮಾರ್ಚ್ 9ಕ್ಕೆ. ಫಾಕ್‌ಲ್ಯಾಂಡ್ಸ್ ಮ್ಯಾರಿಟೈಮ್ ಹೆರಿಟೇಜ್ ಟ್ರಸ್ಟ್ ನಡೆಸಿದ ಎಂಡ್ಯೂರೆನ್ಸ್22 ಅನ್ನೋ ಯಾತ್ರೆ ಅದು, ಜಾನ್ ಶಿಯರ್ಸ್ ಯಾತ್ರೆಯ ಮುಖ್ಯಸ್ಥ, ಹುಡುಕಾಟದ ಜವಾಬ್ದಾರಿ ಸಮುದ್ರ ಪುರಾತತ್ವದ ಮೆನ್ಸನ್ ಬೌಂಡ್‌ದು, ಅವರು ಹುಟ್ಟಿದ್ದೇ ಫಾಕ್‌ಲ್ಯಾಂಡ್ಸ್‌ನಲ್ಲಿ.

ಜಿಪಿಎಸ್ ಇಲ್ಲದ ಕಾಲ, ಎಲ್ಲಿ ಮುಳುಗ್ತು ಅಂತ ಹೇಗೆ ಗೊತ್ತಾಯ್ತು?

ಇಡೀ ಕಥೇಲಿ ನನಗೆ ಇಷ್ಟವಾದ ಪ್ರಶ್ನೆ ಇದು. ರೋಬೋಟ್ ಹುಡುಕಿತು ಅಂತ ಎಲ್ಲರೂ ಬರೆದ್ರು, ಸರಿ, ಆದ್ರೆ ರೋಬೋಟನ್ನ ಎಲ್ಲಿ ಇಳಿಸಬೇಕು ಅಂತ ಹೇಳಿದ್ದು 1915ರಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ ಫ್ರಾಂಕ್ ವೋರ್ಸ್ಲಿ, ನ್ಯೂಜಿಲೆಂಡಿನ ಅಕರೋವಾ ಊರಿನವನು, ಹಡಗಿನ ಕ್ಯಾಪ್ಟನ್. ಅವನು ಕೊಟ್ಟ ಜಾಗ 68 ಡಿಗ್ರಿ 39 ನಿಮಿಷ 30 ಸೆಕೆಂಡ್ ದಕ್ಷಿಣ, 52 ಡಿಗ್ರಿ 26 ನಿಮಿಷ 30 ಸೆಕೆಂಡ್ ಪಶ್ಚಿಮ.

ಅವನ ಕಷ್ಟ ಏನು ಅಂತ ನೋಡಿ. ಅಕ್ಷಾಂಶ ಕಂಡುಹಿಡಿಯೋದು ಅಷ್ಟು ಕಷ್ಟ ಅಲ್ಲ, ಮಧ್ಯಾಹ್ನ ಸೂರ್ಯ ಎಷ್ಟು ಎತ್ತರಕ್ಕೆ ಬಂದ ಅಂತ ಸೆಕ್ಸ್‌ಟಂಟ್‌ನಲ್ಲಿ ಅಳೆದು ಪಟ್ಟಿ ನೋಡಿದ್ರೆ ಆಯ್ತು. ರೇಖಾಂಶಕ್ಕೆ ಗಡಿಯಾರ ಬೇಕು, ಗ್ರೀನಿಚ್‌ನಲ್ಲಿ ಈಗ ಎಷ್ಟು ಗಂಟೆ ಅಂತ ಸರಿಯಾಗಿ ಗೊತ್ತಿರಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ, ಹಾಗಾಗಿ ಗಡಿಯಾರ ಒಂದೇ ಒಂದು ನಿಮಿಷ ತಪ್ಪಾದ್ರೂ ಅಷ್ಟು ದಕ್ಷಿಣದಲ್ಲಿ ಸುಮಾರು 10 ಕಿಲೋಮೀಟರ್ ಅತ್ತಿತ್ತ ಆಗುತ್ತೆ. ವರ್ಷದಿಂದ ಬಂದರು ನೋಡಿಲ್ಲ, ಟೈಮ್ ಸರಿ ಮಾಡ್ಕೊಳ್ಳೋಕೆ ಇನ್ನೊಂದು ಗಡಿಯಾರ ಇಲ್ಲ, ಚಳಿಗೆ ಇದ್ದ ಗಡಿಯಾರಗಳು ತಮಗೆ ತೋಚಿದ ಹಾಗೆ ಓಡ್ತಿದ್ವು.

ಅದಕ್ಕೆ ಅವರು ಹುಡುಕಿದ ದಾರಿ ಚಂದ್ರ. ಅಲ್ಲಿ ಚಳಿಗಾಲ ಅಂದ್ರೆ ತಿಂಗಳುಗಟ್ಟಲೆ ಕತ್ತಲು. ಚಂದ್ರ ಆಕಾಶದಲ್ಲಿ ಸರಿಯೋವಾಗ ಒಂದೊಂದು ನಕ್ಷತ್ರವನ್ನ ಮರೆ ಮಾಡ್ತಾನೆ, ಯಾವ ನಕ್ಷತ್ರ ಯಾವ ಕ್ಷಣಕ್ಕೆ ಮರೆ ಆಗುತ್ತೆ ಅನ್ನೋದನ್ನ ಪಂಚಾಂಗದ ಥರ ಮೊದಲೇ ಲೆಕ್ಕ ಹಾಕಿ ಪುಸ್ತಕದಲ್ಲಿ ಕೊಟ್ಟಿರ್ತಾರೆ. ನಕ್ಷತ್ರ ಫಕ್ ಅಂತ ಮಾಯ ಆದ ಕ್ಷಣ ಗಡಿಯಾರ ನೋಡಿ ಬರ್ಕೊಂಡ್ರೆ ಅದು ಎಷ್ಟು ಹಿಂದೆ ಮುಂದೆ ಓಡ್ತಿದೆ ಅಂತ ಗೊತ್ತಾಗುತ್ತೆ. ವೋರ್ಸ್ಲಿ ಜೊತೆ ಈ ಲೆಕ್ಕ ಮಾಡಿದವನು ತಂಡದ ಭೌತಶಾಸ್ತ್ರಜ್ಞ ರೆಜಿನಾಲ್ಡ್ ಜೇಮ್ಸ್. ಅಂದಹಾಗೆ ಈ ಜೇಮ್ಸ್ ಮುಂದೆ ಕೇಪ್ ಟೌನ್ ಯೂನಿವರ್ಸಿಟೀಲಿ ಪ್ರೊಫೆಸರ್ ಆದ, 2022ರಲ್ಲಿ ಹುಡುಕೋ ಹಡಗು ಹೊರಟಿದ್ದೂ ಕೇಪ್ ಟೌನ್‌ನಿಂದಲೇ.

ಇಷ್ಟೆಲ್ಲ ಮಾಡಿಟ್ಟುಕೊಂಡಿದ್ರೂ ಹಡಗು ಮುಳುಗಿದ ದಿನ ಮೋಡ! ಸೂರ್ಯ ಕಾಣಲಿಲ್ಲ, ಮಾರನೇ ದಿನ ಅಳೆದ, ಅಷ್ಟರಲ್ಲಿ ಅವರು ನಿಂತಿದ್ದ ಹಿಮ ಸರಿದಿತ್ತು, ಮೇಲಾಗಿ ಅಳೆದದ್ದು ಕ್ಯಾಂಪಿನ ಜಾಗ, ಹಡಗು ಅಲ್ಲಿಂದ ಒಂದೆರಡು ಮೈಲಿ ದೂರ. ಎಲ್ಲ ಕೂಡಿ ಕಳೆದು ಒಂದು ಜಾಗ ಬರೆದಿಟ್ಟ. ಹಡಗು ಸಿಕ್ಕಿದ್ದು ಅಲ್ಲಿಂದ ನಾಲ್ಕೈದು ಮೈಲಿ ದಕ್ಷಿಣಕ್ಕೆ. ನಮ್ಮಲ್ಲಿ ಮ್ಯಾಪ್ ಆನ್ ಮಾಡ್ಕೊಂಡೇ ಮದುವೆ ಮನೆ ಸಿಗದೆ ಸುತ್ತೋರು ಇದಾರೆ.

ಆ ಲಾಗ್‌ಬುಕ್ ಈಗ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್ಬರಿ ಮ್ಯೂಸಿಯಂನಲ್ಲಿದೆ.

ಜಾಗ ಗೊತ್ತಿತ್ತು ಅಂದ್ಮೇಲೆ 106 ವರ್ಷ ಯಾಕೆ ಬೇಕಾಯ್ತು?

ಆಳದಿಂದ ಅಲ್ಲ. ಟೈಟಾನಿಕ್ ಇನ್ನೂ ಆಳದಲ್ಲಿದೆ, ಸುಮಾರು 3,800 ಮೀಟರ್, ಅದು 1985ಕ್ಕೇ ಸಿಕ್ತು. ಇಲ್ಲಿ ತೊಂದರೆ ಮೇಲಿರೋ ಹಿಮ. ಬೇರೆ ಸಮುದ್ರದಲ್ಲಾದ್ರೆ ಹಡಗಿನ ಹಿಂದೆ ಉದ್ದ ಕೇಬಲ್‌ಗೆ ಸೋನಾರ್ (ಶಬ್ದದ ಅಲೆಯಿಂದ ತಳ ನೋಡೋ ಯಂತ್ರ) ಕಟ್ಟಿ, ಹೊಲ ಉಳೋ ಹಾಗೆ ಸಾಲು ಸಾಲಾಗಿ ಎಳ್ಕೊಂಡು ಹೋಗ್ತಾರೆ. ಇಲ್ಲಿ ನೆಟ್ಟಗೆ ಸಾಲು ಹೊಡೆಯೋಕೇ ಆಗಲ್ಲ, ಹಿಮ ಬಂದು ಹಡಗನ್ನೇ ತನ್ನ ದಿಕ್ಕಿಗೆ ಎಳ್ಕೊಂಡು ಹೋಗುತ್ತೆ. ಒಳಗೆ ನುಗ್ಗೋಕೆ ಹಿಮ ಒಡೆಯೋ ಹಡಗು ಬೇಕು, ಮೇಲಿನ ಹಿಮ ಎತ್ತ ಸರಿಯುತ್ತೆ ಅಂತ ಹೇಳೋ ಸ್ಯಾಟಲೈಟ್ ಬೇಕು, ಹಿಮದ ಕೆಳಗೆ ದೂರ ಹೋಗಿ ವಾಪಸ್ ಬರೋ ಯಂತ್ರ ಬೇಕು. ಇವು ಮೂರೂ ಒಟ್ಟಿಗೆ ಸಿಕ್ಕಿದ್ದು ಇತ್ತೀಚೆಗೆ. ಎಂಥಾ ವಿಚಿತ್ರ ಅಂದ್ರೆ ಹಡಗನ್ನ ಮುಳುಗಿಸಿದ್ದೂ ಹಿಮ, ನೂರು ವರ್ಷ ಯಾರೂ ಮುಟ್ಟದ ಹಾಗೆ ಬಾಗಿಲು ಹಾಕ್ಕೊಂಡು ಕಾದಿದ್ದೂ ಅದೇ.

ಮೊದಲೇ ಒಂದ್ಸಲ ಪ್ರಯತ್ನ ಮಾಡಿ ಫೇಲ್ ಆಗಿದ್ರಂತೆ?

ಹೌದು, 2019ರಲ್ಲಿ. ಅವತ್ತೂ ಬೌಂಡ್, ಶಿಯರ್ಸ್ ಇದ್ರು, ಅವರು ಹೋದ ಹಡಗೂ 2022ರಲ್ಲಿ ಹೋದದ್ದೇ. ಜಾಗದ ತನಕ ಹೋದ್ರು, ತಾನೇ ಓಡಾಡೋ ಯಂತ್ರವನ್ನ ಕೆಳಗೆ ಬಿಟ್ರು, ಅದು ಹಿಮದ ಕೆಳಗೆ ಹೋಗಿ ಸಂಪರ್ಕ ಕಳ್ಕೊಂಡು ವಾಪಸ್ಸೇ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ ಹಾಗೆ. ಅದ್ರ ಮೇಲೆ ಹವಾಮಾನ ಕೆಟ್ಟು ಹಿಂದಕ್ಕೆ ಬಂದ್ರು.

ಎರಡನೇ ಸಲ ಏನು ಬದಲಾಯಿಸಿದ್ರು?

ಮುಖ್ಯವಾಗಿ ದಾರ ಕಟ್ಟಿದ್ರು! ತಮಾಷೆ ಅಲ್ಲ. ಸ್ವೀಡನ್ನಿನ ಸಾಬ್ ಕಂಪನಿಯ ಸೇಬರ್‌ಟೂತ್ ಅನ್ನೋ ಯಂತ್ರ ತಂದ್ರು, ಅದು ತಾನೇ ಓಡಾಡುತ್ತೆ, ಆದ್ರೆ ಕೂದಲಿನಂಥ ಫೈಬರ್ ಆಪ್ಟಿಕ್ ಎಳೆಯ ಜೊತೆ ಹೋಗುತ್ತೆ, ಹಾಗಾಗಿ ಕೆಳಗೆ ಏನು ಕಾಣ್ತಿದೆ ಅನ್ನೋದು ಮೇಲೆ ಕೂತವರಿಗೆ ಆಗಿಂದಾಗ್ಗೆ ಕಾಣುತ್ತೆ, ಯಂತ್ರ ಎಲ್ಲಿದೆ ಅಂತಾನೂ ಗೊತ್ತಿರುತ್ತೆ. ಹೋದ ಸಲ ಕಳ್ಕೊಂಡು ಕಲಿತ ಪಾಠ ಅದು.

ದಕ್ಷಿಣ ಆಫ್ರಿಕಾದ ಹಿಮ ಒಡೆಯೋ ಹಡಗು ಎಸ್.ಎ. ಅಗುಲ್ಹಾಸ್ 2, ಫೆಬ್ರವರಿ 5ಕ್ಕೆ ಕೇಪ್ ಟೌನ್ ಬಿಡ್ತು, ಕ್ಯಾಪ್ಟನ್ ನಾಲೆಡ್ಜ್ ಬೆಂಗು. ಹುಡುಕೋ ಚೌಕ ಸುಮಾರು 107 ಚದರ ನಾಟಿಕಲ್ ಮೈಲಿ, ವೋರ್ಸ್ಲಿ ಕೊಟ್ಟ ಜಾಗದ ಸುತ್ತ ಹಾಕಿದ್ದು. ಅದೃಷ್ಟವೂ ಕೂಡಿಬಂತು ಅನ್ನಿ, ಆ ಫೆಬ್ರವರೀಲಿ ಅಂಟಾರ್ಕ್ಟಿಕಾ ಸುತ್ತಲ ಸಮುದ್ರದ ಹಿಮ ಸ್ಯಾಟಲೈಟ್ ಲೆಕ್ಕ ಶುರುವಾದಾಗಿಂದ ಮೊದಲ ಸಲ 20 ಲಕ್ಷ ಚದರ ಕಿಲೋಮೀಟರ್‌ಗಿಂತ ಕೆಳಗೆ ಇಳಿದಿತ್ತು. ಇದನ್ನ ಅದೃಷ್ಟ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ, ಆದ್ರೆ ಹಡಗಿಗೆ ದಾರಿ ಸಿಕ್ಕಿದ್ದು ಹಾಗೇ.

ಸಿಕ್ಕಿದ ಕ್ಷಣ ಹೇಗಿತ್ತು? ಎಲ್ಲರೂ ಕೂಗಾಡಿರಬೇಕು?

ಬೌಂಡ್, ಶಿಯರ್ಸ್ ಇಬ್ಬರೂ ಆಗ ಹಡಗಲ್ಲೇ ಇರಲಿಲ್ಲ! ಇಳಿದು ಹಿಮದ ಮೇಲೆ ವಾಕಿಂಗ್ ಹೋಗಿದ್ರು. ವಾರಗಟ್ಟಲೆ ಬರೀ ಕೆಸರಿನ ಚಿತ್ರ ನೋಡಿ ನೋಡಿ ಸಾಕಾಗಿತ್ತೋ ಏನೋ, ಟೈಮ್ ಬೇರೆ ಮುಗೀತಾ ಬಂದಿತ್ತು, ಚಳಿಗಾಲ ಹತ್ತಿರ. ವಾಪಸ್ ಬಂದಾಗ ನೀರೊಳಗಿನ ಕೆಲಸ ನೋಡ್ಕೋತಿದ್ದ ನಿಕೋ ವಿನ್ಸೆಂಟ್ ಅವರ ಮುಂದೆ ಚಿತ್ರ ಹಿಡಿದ. ವರ್ಷಗಟ್ಟಲೆ ಹುಡುಕಿದ ವಸ್ತು ಹೊರಗೆ ಹೋದಾಗಲೇ ಸಿಗೋದು, ನಮ್ಮನೆ ಗ್ಯಾಸ್ ಬುಕ್ ಕೂಡ ಹೀಗೇನೇ.

ಮರದ ಹಡಗು ನೂರು ವರ್ಷ ನೀರಲ್ಲಿ ಕೊಳೀಲಿಲ್ವಾ?

ಫೋಟೋ ನೋಡಿದವರೆಲ್ಲ ಕೇಳೋದು ಇದನ್ನೇ, ಕೆಲವರು ಫೇಕ್ ಅಂತಾನೇ ಅಂದುಬಿಟ್ರು. ಹಿಂಭಾಗದಲ್ಲಿ ಎಂಡ್ಯೂರೆನ್ಸ್ ಅನ್ನೋ ಅಕ್ಷರಗಳು ಕಮಾನಿನ ಹಾಗೆ ಒಂದೊಂದೂ ಓದೋ ಹಾಗಿವೆ, ಕೆಳಗೆ ಹಳೇ ಹೆಸರು ಪೋಲಾರಿಸ್‌ನ ಗುರುತಾಗಿ ಉಳಿದ ಐದು ಮೂಲೆಯ ನಕ್ಷತ್ರ, ಚುಕ್ಕಾಣಿ ಚಕ್ರ ನಿಂತ ಹಾಗೇ ನಿಂತಿದೆ. ಪಟಸ್ತಂಭಗಳು ಮುರಿದು ಬಿದ್ದಿವೆ, ಹಡಗು ಮಾತ್ರ ನೆಟ್ಟಗೆ ಕೂತಿದೆ. ತಾನು ಕಂಡ ಮುಳುಗಿದ ಮರದ ಹಡಗುಗಳಲ್ಲೆಲ್ಲ ಇದೇ ಅತ್ಯುತ್ತಮ ಅಂದ್ರು ಬೌಂಡ್.

ಕಾರಣ ಸರಳ. ಮರ ಸಮುದ್ರದಲ್ಲಿ ಹಾಳಾಗೋದು ಬರೀ ನೀರಿಂದ ಅಲ್ಲ, ಮರ ಕೊರೆಯೋ ಜೀವಿಗಳಿಂದ. ಹಡಗಿನ ಹುಳು ಅಂತಾರೆ, ನೋಡೋಕೆ ಹುಳ, ಜಾತಿಯಲ್ಲಿ ಚಿಪ್ಪುಜೀವಿ, ಸಮುದ್ರದ ಗೆದ್ದಲು ಅಂದ್ಕೊಳ್ಳಿ. ಅಂಟಾರ್ಕ್ಟಿಕಾದಲ್ಲಿ ಮರಗಳೇ ಇಲ್ಲ, ನದೀಲಿ ತೇಲಿಬರೋ ದಿಮ್ಮಿ ಇಲ್ಲ, ತಿನ್ನೋಕೆ ಮರ ಇಲ್ಲದ ಊರಲ್ಲಿ ಗೆದ್ದಲಿಗೇನು ಕೆಲಸ? ಹೊರಗಿಂದ ಬರೋಣ ಅಂದ್ರೆ ಖಂಡದ ಸುತ್ತ ಸುತ್ತೋ ತಣ್ಣನೆ ಪ್ರವಾಹ ಗೋಡೆ ಥರ ಅಡ್ಡ ಇದೆ. 2013ರಲ್ಲೇ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಹೇಳಿದ್ರು, ಅಲ್ಲಿನ ಸಮುದ್ರತಳದಲ್ಲಿ ಮರದ ತುಂಡು, ತಿಮಿಂಗಿಲದ ಮೂಳೆ ಎರಡನ್ನೂ 14 ತಿಂಗಳು ಇಟ್ಟು ತೆಗೆದಾಗ ಮೂಳೆಗೆ ಮೂಳೆ ತಿನ್ನೋ ಹುಳ ಹತ್ತಿತ್ತು, ಮರ ಇಟ್ಟ ಹಾಗೇ ಇತ್ತು. ಹಾಗಾಗಿ ಹಡಗು ಸಿಕ್ಕಿದ್ರೆ ಚೆನ್ನಾಗೇ ಇರುತ್ತೆ ಅಂತ ಇವರಿಗೆ ಹೊರಡೋ ಮುಂಚೇನೇ ಒಂದು ನಂಬಿಕೆ ಇತ್ತು. ಟೈಟಾನಿಕ್‌ನ ಕಬ್ಬಿಣವನ್ನ ಬ್ಯಾಕ್ಟೀರಿಯಾ ದಿನಾ ಸ್ವಲ್ಪ ಸ್ವಲ್ಪ ತಿಂತಿದೆ, ಅದಕ್ಕಿಂತ ಮೂರು ವರ್ಷ ತಡವಾಗಿ ಮುಳುಗಿದ ಮರದ ಹಡಗು ಹೊಸದ್ರ ಥರ ಕೂತಿದೆ.

ಖಾಲಿ ಬಿದ್ದಿದೆ ಅಂತಲ್ಲ. ಹೂವಿನಂಥ ಸಮುದ್ರಜೀವಿಗಳು, ಸ್ಪಂಜುಗಳು ಹಡಗಿನ ಅಂಚಿನ ತುಂಬಾ ಬೆಳೆದಿವೆ.

ಒಳಗೆ ಏನೇನು ಸಿಕ್ತು? ಚಿನ್ನ ಗಿನ್ನ?

ಚಿನ್ನ ಎಲ್ಲಿಂದ ಬರಬೇಕು ಸ್ವಾಮಿ, ಇದು ಸಾಲ ಸೋಲ ಮಾಡಿ ಹೊರಟ ಯಾತ್ರೆ. ಹಡಗನ್ನ ಮುಟ್ಟಿಲ್ಲ, ಏನೂ ತಂದಿಲ್ಲ, ಬರೀ ಫೋಟೋ ಮತ್ತು ಸ್ಕ್ಯಾನ್. ಸುಮಾರು 25,000 ಫೋಟೋ ಜೋಡಿಸಿ ಮಾಡಿದ ತ್ರೀಡಿ ಚಿತ್ರ 2024ರಲ್ಲಿ ಬಿಟ್ರು. ಅದ್ರಲ್ಲಿ ಊಟದ ತಟ್ಟೆಗಳು ಕಾಣ್ತವೆ, ಒಂದು ಬೂಟು ಕಾಣುತ್ತೆ, ಒಂಟಿ ಬೂಟು. ಬೆಳಕಿನ ಸಿಗ್ನಲ್ ಹಾರಿಸೋ ಒಂದು ಫ್ಲೇರ್ ಗನ್ ಕೂಡ ಇದೆ. ಹಡಗು ಬಿಡೋವಾಗ ಫೋಟೋಗ್ರಾಫರ್ ಫ್ರಾಂಕ್ ಹರ್ಲಿ ಹಡಗಿಗೆ ವಿದಾಯ ಅಂತ ಅದನ್ನ ಹಾರಿಸಿ ಡೆಕ್ ಮೇಲೆ ಇಟ್ಟಿದ್ದು ಡೈರಿಯಲ್ಲಿದೆಯಂತೆ. ಇಟ್ಟ ಜಾಗದಲ್ಲೇ ಕೂತಿದೆ.

ಈ ಹರ್ಲಿ ಇನ್ನೊಂದು ಕೆಲಸ ಮಾಡಿದ್ದ, ಅರ್ಧ ಮುಳುಗಿದ ಹಡಗಿನೊಳಗೆ ಆ ಕೊರೆಯೋ ನೀರಿಗೆ ಇಳಿದು ತನ್ನ ಗಾಜಿನ ನೆಗೆಟಿವ್‌ಗಳನ್ನ ಎತ್ಕೊಂಡು ಬಂದ. ಎಲ್ಲ ಹೊರೋಕೆ ಆಗಲ್ಲ ಅಂತ ಶ್ಯಾಕಲ್ಟನ್ ಜೊತೆ ಕೂತು ಸುಮಾರು 120 ಆರಿಸಿ, ಉಳಿದ 400ನ್ನ ಅಲ್ಲೇ ಒಡೆದು ಹಾಕಿದ್ರು, ಆಮೇಲೆ ಮನಸ್ಸು ಬದಲಾಗಬಾರದು ಅಂತ. ಇವತ್ತು ನಾವು ನೋಡೋ ಕಪ್ಪು ಬಿಳುಪು ಚಿತ್ರಗಳು ಹಾಗೆ ಉಳಿದವು.

ಮೇಲಕ್ಕೆ ಎತ್ತಿ ಮ್ಯೂಸಿಯಂನಲ್ಲಿ ಇಡಬಾರದಾ?

ಇಡೋ ಹಾಗಿಲ್ಲ. ಅಂಟಾರ್ಕ್ಟಿಕ್ ಒಪ್ಪಂದದ ಪ್ರಕಾರ ಹಡಗು ಸಿಗೋ ಮೊದಲೇ, 2019ರಲ್ಲೇ, ಅದನ್ನ ಚಾರಿತ್ರಿಕ ತಾಣ ನಂಬರ್ 93 ಅಂತ ಘೋಷಿಸಿದ್ರು. ಸುತ್ತ 500 ಮೀಟರ್ ಇದ್ದ ರಕ್ಷಣಾ ವಲಯವನ್ನ 2024ರಲ್ಲಿ 1,500 ಮೀಟರ್‌ಗೆ ಹೆಚ್ಚಿಸಿದಾರೆ. ಇಂಡಿಯಾ 1983ರಿಂದ ಆ ಒಪ್ಪಂದದಲ್ಲಿದೆ, ಹಾಗಾಗಿ ಈ ನಿಯಮ ನಮಗೂ ಸೇರಿದ್ದೇ. ನಿಯಮ ಬಿಡಿ, ನನ್ನ ಪ್ರಕಾರ ಎತ್ತೋದೇ ದಡ್ಡತನ, ಅಲ್ಲಿ ಹುಳ ಇಲ್ಲ, ಕಳ್ಳರಿಲ್ಲ, ಎಸಿ ಬಿಲ್ ಇಲ್ಲ. ಮೇಲೆ ತಂದ್ರೆ ಒಣಗೋಕೆ ಬಿಡದ ಹಾಗೆ ವರ್ಷಾನುಗಟ್ಟಲೆ ಔಷಧಿ ಸಿಂಪಡಿಸ್ತಾ ಕೂರಬೇಕು.

ಜಗತ್ತಿನಲ್ಲೇ ಗಟ್ಟಿ ಮರದ ಹಡಗು ಅಂತಿದ್ರು, ಹಾಗಾದ್ರೆ ಒಡೆದದ್ದು ಯಾಕೆ?

2025ರಲ್ಲಿ ಫಿನ್‌ಲ್ಯಾಂಡಿನ ಆಲ್ಟೋ ಯೂನಿವರ್ಸಿಟಿಯ ಯುಕ್ಕಾ ತುಹ್ಕುರಿ ಈ ಮಾತಿಗೆ ಗಾಳಿ ತೆಗೆದ್ರು. ಅವರು 2022ರ ಹಡಗಲ್ಲೂ ಇದ್ದವರು, ಹಿಮದ ಎಂಜಿನಿಯರಿಂಗ್ ಅವರ ವಿಷಯ. ಹಿಮದ ಅಂಚಲ್ಲಿ ಓಡಾಡೋಕೆ ಮಾಡಿದ ಹಡಗು ಇದು, ನಾಲ್ಕೂ ಕಡೆಯಿಂದ ಹಿಸುಕೋ ಹಿಮಕ್ಕೆ ಅಲ್ಲ, ಬದಿಗಳು ಒಳಕ್ಕೆ ಕುಸೀದ ಹಾಗೆ ತಡೆಯೋ ಓರೆ ತೊಲೆಗಳು ಇರಲಿಲ್ಲ, ಎಂಜಿನ್ ರೂಮ್ ಇದ್ದ ಕಡೆ ಇನ್ನೂ ದುರ್ಬಲ ಅಂತ ತೋರಿಸಿದ್ರು. ಶ್ಯಾಕಲ್ಟನ್‌ಗೆ ಇದು ಗೊತ್ತಿತ್ತಂತೆ, ಹಿಂದೆ ಒಂದು ಜರ್ಮನ್ ಹಡಗಿಗೆ ಇಂಥ ತೊಲೆ ಹಾಕಿಸಿ ಅಂತ ಸಲಹೆ ಕೊಟ್ಟಿದ್ದೇ ಅವನು. ಗೊತ್ತಿದ್ದೂ ಹೊರಟ. ದುಡ್ಡೋ ಟೈಮೋ, ಯಾವುದು ಕಮ್ಮಿ ಬಿತ್ತೋ.

'ಅಪಾಯದ ಪ್ರಯಾಣಕ್ಕೆ ಗಂಡಸರು ಬೇಕಾಗಿದ್ದಾರೆ, ಸಂಬಳ ಕಮ್ಮಿ' ಅಂತ ಶ್ಯಾಕಲ್ಟನ್ ಪತ್ರಿಕೆಯಲ್ಲಿ ಹಾಕಿಸಿದ್ದ ಅನ್ನೋ ಆ ಜಾಹೀರಾತು?

ವಾಟ್ಸಾಪ್‌ನಲ್ಲಿ ತಿಂಗಳಿಗೊಂದ್ಸಲ ಬರುತ್ತೆ, ಲಿಂಕ್ಡ್‌ಇನ್‌ನಲ್ಲಿ ದಿನಕ್ಕೊಂದ್ಸಲ. ಆ ಕಾಲದ ಪತ್ರಿಕೆಯಲ್ಲಿ ಮೂಲ ಜಾಹೀರಾತು ಎಷ್ಟು ಹುಡುಕಿದ್ರೂ ಯಾರಿಗೂ ಸಿಕ್ಕಿಲ್ಲ, ತಂದು ತೋರಿಸಿದವರಿಗೆ ಬಹುಮಾನ ಅಂದ್ರೂ ಸಿಕ್ಕಿಲ್ಲ. ಮೂರು ಸಾವಿರ ಮೀಟರ್ ಆಳದ ಹಡಗು ಸಿಕ್ತು, ಒಂದು ಪೇಪರ್ ಕಟಿಂಗ್ ಸಿಗಲಿಲ್ಲ.

ಮಾರ್ಚ್ 5ರ ಬಗ್ಗೆ ಏನೋ ಹೇಳ್ತಾರಲ್ಲ?

ಶ್ಯಾಕಲ್ಟನ್ 1922ರ ಜನವರಿ 5ಕ್ಕೆ ಸೌತ್ ಜಾರ್ಜಿಯಾದಲ್ಲಿ ಹೃದಯಾಘಾತದಿಂದ ಹೋದ, ಮುಂದಿನ ಯಾತ್ರೆಗೆ ಹೊರಟಿದ್ದಾಗ. ಗ್ರಿಟ್‌ವಿಕೆನ್‌ನಲ್ಲಿ ಮಣ್ಣು ಮಾಡಿದ್ದು ಮಾರ್ಚ್ 5ಕ್ಕೆ. ಹಡಗು ಸಿಕ್ಕಿದ್ದು ಸರಿಯಾಗಿ ನೂರು ವರ್ಷಕ್ಕೆ, ಅದೇ ತಾರೀಕು. ಕಾಕತಾಳೀಯನೇ, ನಾನು ಬೇರೆ ಅರ್ಥ ಕಟ್ಟಲ್ಲ, ಆದ್ರೆ ಓದಿದಾಗ ಮೈ ಜುಂ ಅಂದಿದ್ದು ನಿಜ. ವಾಪಸ್ ಬರ್ತಾ ತಂಡದವರು ಅವನ ಸಮಾಧಿಗೆ ಹೋಗಿ ಬಂದ್ರು. ಆ ಕೊನೆ ಯಾತ್ರೆಯ ಹಡಗು ಕ್ವೆಸ್ಟ್ ಕೂಡ 2024ರಲ್ಲಿ ಕೆನಡಾ ಹತ್ತಿರ ಲ್ಯಾಬ್ರಡಾರ್ ಸಮುದ್ರದಲ್ಲಿ ಸಿಕ್ತು, ಅದು ಬರೀ 390 ಮೀಟರ್ ಆಳ.

ಬೆಕ್ಕು ಏನಾಯ್ತು?

ಕೊನೆಗೆ ಎಲ್ಲರೂ ಬಂದು ನಿಲ್ಲೋದು ಇಲ್ಲೇ. ಬಡಗಿ ಹ್ಯಾರಿ ಮೆಕ್‌ನಿಶ್ ಸಾಕಿದ್ದ ಬೆಕ್ಕು, ಹೆಸರು ಮಿಸೆಸ್ ಚಿಪ್ಪಿ, ಗಂಡು ಬೆಕ್ಕು ಅಂತ ಆಮೇಲೆ ಗೊತ್ತಾಯ್ತು, ಹೆಸರು ಹಾಗೇ ಉಳೀತು. ಹಡಗು ಬಿಟ್ಟ ಮೇಲೆ ಸಾಕೋಕೆ ಆಗಲ್ಲ ಅಂತ ಶ್ಯಾಕಲ್ಟನ್ ಗುಂಡು ಹೊಡೆಸಿದ, ಮೆಕ್‌ನಿಶ್ ಅವನನ್ನ ಸಾಯೋ ತನಕ ಕ್ಷಮಿಸಲಿಲ್ಲ ಅಂತಾರೆ. ಜೇಮ್ಸ್ ಕೇರ್ಡ್ ದೋಣಿಯ ಅಂಚು ಎತ್ತರಿಸಿ, ಮೇಲೆ ಕ್ಯಾನ್ವಾಸ್ ಹೊದಿಸಿ, ಆ ಸಮುದ್ರಕ್ಕೆ ತಡೆಯೋ ಹಾಗೆ ಮಾಡಿದ್ದು ಇದೇ ಬಡಗಿ, ಆದ್ರೂ ತಂಡದ ಹೆಚ್ಚಿನವರಿಗೆ ಸಿಕ್ಕ ಪೋಲಾರ್ ಮೆಡಲ್ ಅನ್ನೋ ಧ್ರುವಯಾತ್ರೆಯ ಪದಕ ಅವನಿಗೆ ಸಿಗಲೇ ಇಲ್ಲ, ಶ್ಯಾಕಲ್ಟನ್ ಶಿಫಾರಸೇ ಮಾಡಲಿಲ್ಲ, ಹಿಮದ ಮೇಲೆ ಒಂದ್ಸಲ ಎದುರು ಮಾತಾಡಿದ್ದ ಅಂತ. ಅವನ ಸಮಾಧಿ ವೆಲ್ಲಿಂಗ್ಟನ್‌ನ ಕರೋರಿ ಸ್ಮಶಾನದಲ್ಲಿದೆ. 2004ರಲ್ಲಿ ಅದ್ರ ಮೇಲೆ ಒಂದು ಕಂಚಿನ ಬೆಕ್ಕು ಮಾಡಿ ಮಲಗಿಸಿದಾರೆ.